ಗಣಕಯಂತ್ರಕ್ಕೂ ಉಂಟು ಸಾಲಾವಳಿ

ಹಳೆಯ ಮದರ್‌ಬೋರ್ಡಿಗೆ ಹೊಸ ಪ್ರೊಸೆಸರ್ ಹೊಂದೀತೆ? ಕೊಳ್ಳುವ ಮೊದಲು ನೋಡಬೇಕಾದ ಕೂಟಗಳು

ಹುಡುಗ ವಿದ್ಯಾವಂತ, ಹುಡುಗಿ ಲಕ್ಷಣವಂತೆ, ಮನೆತನಗಳೂ ಒಪ್ಪುವಂಥವು. ಆದರೂ ಅನೇಕ ಮನೆಗಳಲ್ಲಿ ಹಿರಿಯರು ಸಾಲಾವಳಿ ನೋಡದೆ ತಾಂಬೂಲ ಬದಲಾಯಿಸುವುದಿಲ್ಲ. ನಂಬುವವರು ನಂಬಲಿ, ನಂಬದವರು ಬಿಡಲಿ; ಹಳೆಯ ಗಣಕಯಂತ್ರಕ್ಕೆ ಹೊಸ ಪ್ರೊಸೆಸರ್ ತರಹೊರಟವರು ಮಾತ್ರ ಸಾಲಾವಳಿ ನೋಡದೆ ಹೆಜ್ಜೆ ಇಡಬಾರದು. ಇಲ್ಲಿ ಕೂಟ ಸೇರದಿದ್ದರೆ ಪರಿಹಾರಕ್ಕೆ ಯಾವ ಶಾಂತಿಯೂ ಇಲ್ಲ. ಕಪ್ಪಾಗಿಯೇ ಉಳಿಯುವ ತೆರೆ, ಕೈಬಿಟ್ಟ ಹಣ, ಇವೆರಡೇ ಅದರ ಫಲ.

ಈ ಪ್ರಶ್ನೆ ಈಗ ಬಹು ಮನೆಗಳ ಬಾಗಿಲಿಗೆ ಬಂದು ನಿಂತಿರುವುದಕ್ಕೆ ಕಾರಣವುಂಟು. 2025ನೆಯ ಇಸವಿಯ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಮುಂದಿನ ವಿಂಡೋಸ್ 11ನ್ನು ಹಾಕಿಕೊಳ್ಳೋಣವೆಂದರೆ ಅದಕ್ಕೆ 'ಟಿಪಿಎಂ 2.0' ಎಂಬ ಭದ್ರತಾ ಘಟಕ ಬೇಕು. ಜೊತೆಗೆ, ಕೆಲವು ಅಪವಾದಗಳನ್ನು ಬಿಟ್ಟರೆ, ಇಂಟೆಲ್ ಆದಲ್ಲಿ ಎಂಟನೆಯ ಪೀಳಿಗೆಯ, ಎಎಂಡಿ ಆದಲ್ಲಿ ರೈಝೆನ್ 2000 ಶ್ರೇಣಿಯ ಅಥವಾ ಅವುಗಳ ಅನಂತರದ ಪ್ರೊಸೆಸರ್ ಇರಬೇಕು. ನಿನ್ನೆಯವರೆಗೆ ನೆಟ್ಟಗೆ ನಡೆಯುತ್ತಿದ್ದ ಯಂತ್ರವನ್ನು ಹೀಗೆ ಒಂದು ನಿಯಮಕ್ಕಾಗಿ ಗುಜರಿಗೆ ಹಾಕಬೇಕೆ, ಅಥವಾ ಪ್ರೊಸೆಸರನ್ನಷ್ಟೇ ಬದಲಿಸಿ ಇನ್ನೂ ಕೆಲವು ವರ್ಷ ಉಳಿಸಿಕೊಳ್ಳಬಹುದೆ?

ಎರಡು ಮನೆಗಳ ಉದಾಹರಣೆ ತೆಗೆದುಕೊಳ್ಳಬಹುದು. ಇಬ್ಬರೂ 2017ರಲ್ಲಿಯೇ ಯಂತ್ರ ಕೊಂಡವರು. ಮೊದಲನೆಯ ಮನೆಯಲ್ಲಿರುವುದು ಇಂಟೆಲ್ ಏಳನೆಯ ಪೀಳಿಗೆಯ ಕೋರ್ ಐ5 ಮತ್ತು ಬಿ250 ಚಿಪ್‌ಸೆಟ್‌ನ ಮದರ್‌ಬೋರ್ಡು. ಎರಡನೆಯ ಮನೆಯಲ್ಲಿರುವುದು ಎಎಂಡಿಯ ಮೊದಲನೆಯ ರೈಝೆನ್ ಮತ್ತು ಬಿ350 ಚಿಪ್‌ಸೆಟ್‌ನ ಬೋರ್ಡು. ವಿಂಡೋಸ್ 11 ಎರಡು ಮನೆಗಳನ್ನೂ ಹೊರಗೆ ನಿಲ್ಲಿಸಿದೆ. ಬರಿಯ ಪ್ರೊಸೆಸರ್ ಬದಲಾವಣೆಯಿಂದ ಇವುಗಳಲ್ಲಿ ಒಂದು ಮನೆ ಮಾತ್ರ ಪಾರಾಗಬಲ್ಲುದು. ಯಾವುದು, ಏಕೆ ಎಂಬುದನ್ನು ತಿಳಿದವರಿಗೆ ಈ ವಿದ್ಯೆಯ ಮುಕ್ಕಾಲು ಪಾಲು ತಿಳಿದಂತೆಯೇ.

ಮೊದಲು ಹೆಸರು, ಗೋತ್ರ

ಸಾಲಾವಳಿಗೆ ಮುಂಚೆ ಜಾತಕ ಕೈಗೆ ಬರಬೇಕಷ್ಟೆ. ಮನೆಯಲ್ಲಿರುವ ಮದರ್‌ಬೋರ್ಡಿನ ಪೂರ್ಣ ಹೆಸರು ತಿಳಿಯದೆ ಮುಂದಿನ ಯಾವ ವಿಚಾರವೂ ಸಾಗದು. ವಿಂಡೋಸ್ ಯಂತ್ರವಾದರೆ ಕೀಲಿಮಣೆಯ ವಿಂಡೋಸ್ ಗುಂಡಿಯನ್ನೂ 'ಆರ್' ಗುಂಡಿಯನ್ನೂ ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಪುಟ್ಟ ಚೌಕದಲ್ಲಿ 'ಎಂಎಸ್‌ಇನ್ಫೋ32' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರಾಯಿತು. 'ಬೇಸ್‌ಬೋರ್ಡ್ ಪ್ರಾಡಕ್ಟ್' ಎಂಬ ಸಾಲಿನಲ್ಲಿ ಬೋರ್ಡಿನ ಮಾದರಿಯೂ, 'ಬಯಾಸ್ ವರ್ಷನ್' ಎಂಬ ಸಾಲಿನಲ್ಲಿ ಬಯಾಸಿನ ಆವೃತ್ತಿ ಮತ್ತು ದಿನಾಂಕವೂ ಕಾಣುತ್ತವೆ. 'ಸಿಪಿಯು-ಝಡ್' ಎಂಬ ಉಚಿತ ತಂತ್ರಾಂಶವು ಇವುಗಳೊಡನೆ ಸಾಕೆಟ್, ಚಿಪ್‌ಸೆಟ್, ರ್ಯಾಮ್‌ಗಳ ವಿವರವನ್ನೂ ಕೊಡುತ್ತದೆ. ಲಿನಕ್ಸ್ ಬಳಸುವವರಿಗೆ 'ಡಿಎಂಐಡಿಕೋಡ್' ಎಂಬ ಆಜ್ಞೆಯುಂಟು.

ಯಂತ್ರವೇ ಹೊತ್ತಿಕೊಳ್ಳದಿದ್ದರೆ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ ನೋಡಬೇಕು. ಬೋರ್ಡಿನ ಮೇಲೆಯೇ ಮಾದರಿಯ ಹೆಸರು ಅಚ್ಚಾಗಿರುತ್ತದೆ. ಅದರ ಸಮೀಪದಲ್ಲೋ ಒಂದು ಮೂಲೆಯಲ್ಲೋ 'ರೆವ್ 1.0', 'ರೆವ್ 2.0' ಎಂಬಂಥ ಗುರುತು ಇದ್ದರೆ ಅದನ್ನೂ ಬರೆದುಕೊಳ್ಳತಕ್ಕದ್ದು. ಹೆಸರು ಒಂದೇ ಆಗಿದ್ದು ಈ ಗುರುತು ಬೇರೆಯಾದರೆ, ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯೂ ಬೇರೆಯಾಗಿರುವುದುಂಟು.

ಕೂರುವ ಪೀಠ

ಪ್ರೊಸೆಸರ್ ಯಂತ್ರದ ಮಿದುಳು ಎಂಬ ಮಾತು ವಾಡಿಕೆಯಲ್ಲಿದೆ. ಆ ಮಿದುಳಿಗೆ ನೆಲೆಯನ್ನೂ, ಅನ್ನವನ್ನೂ, ಹೊರಲೋಕದ ಸಂಪರ್ಕವನ್ನೂ ಒದಗಿಸುವುದು ಮದರ್‌ಬೋರ್ಡು. ಪ್ರೊಸೆಸರ್ ಕೂರುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ಕೂಟಗಳಲ್ಲಿ ಮೊದಲನೆಯದು ಇದು.

1990ರ ದಶಕದಲ್ಲಿ 'ಸಾಕೆಟ್ 7' ಎಂಬ ಒಂದೇ ಪೀಠದ ಮೇಲೆ ಇಂಟೆಲ್, ಎಎಂಡಿ, ಸೈರಿಕ್ಸ್ ಮೂರು ಕಂಪನಿಗಳ ಪ್ರೊಸೆಸರ್‌ಗಳೂ ಕೂರುತ್ತಿದ್ದ ಕಾಲವೊಂದಿತ್ತು. 1997ರಲ್ಲಿ ಇಂಟೆಲ್ ತನ್ನ ಪೆಂಟಿಯಮ್ 2ರೊಡನೆ 'ಸ್ಲಾಟ್ 1' ಎಂಬ ಉದ್ದನೆಯ ಸೀಳುಗಂಡಿಯನ್ನು ತಂದು ಬೇರೆ ಬಿಡಾರ ಹೂಡಿತು. 1999ರಲ್ಲಿ ಎಎಂಡಿ ತನ್ನ ಅಥ್ಲಾನ್‌ಗಾಗಿ ತಂದ 'ಸ್ಲಾಟ್ ಎ' ಆಕಾರದಲ್ಲಿ ಅದೇ ಗಂಡಿ. ದಿಕ್ಕು ಮಾತ್ರ ತಿರುಗುಮುರುಗು. ನೋಡುವ ಕಣ್ಣಿಗೆ ಅವಳಿಜವಳಿ, ವಿದ್ಯುತ್ತಿನ ಲೆಕ್ಕಕ್ಕೆ ಪೂರ್ಣ ಅಪರಿಚಿತರು. ಆಕಾರವನ್ನು ನಂಬಿ ಕೊಳ್ಳಬಾರದೆಂಬ ಪಾಠ ಅಂದಿನದು.

ಅಲ್ಲಿಂದೀಚೆಗೆ ಇಂಟೆಲ್ ಹಲವು ಬಾರಿ ಪೀಠ ಬದಲಿಸಿದೆ. 2004ರಲ್ಲಿ ಎಲ್‌ಜಿಎ 775, 2009ರಲ್ಲಿ 1156, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151, 2020ರಲ್ಲಿ 1200, 2021ರಲ್ಲಿ 1700, 2024ರಲ್ಲಿ 1851. ಈ ಸಂಖ್ಯೆಗಳು ಸಂಪರ್ಕಬಿಂದುಗಳ ಎಣಿಕೆ. 1156ಕ್ಕೂ 1155ಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಎಂದು ಯಾರಾದರೂ ಸಮಾಧಾನ ಪಟ್ಟುಕೊಂಡರೆ ಕೆಟ್ಟರು. ಪ್ರೊಸೆಸರ್‌ಗಳ ಅಗಲ ಒಂದೇ ಆಗಿದ್ದರೂ ಅಂಚಿನ ಕಚ್ಚುಗಳ ಜಾಗ ಬೇರೆ, ಒಳಗಿನ ಸಂಪರ್ಕಗಳ ಏರ್ಪಾಡೂ ಬೇರೆ. ಎಎಂಡಿಯಾದರೋ 2017ರ ರೈಝೆನ್‌ನಿಂದ ಹಿಡಿದು 2020ರ ರೈಝೆನ್ 5000 ಶ್ರೇಣಿಯವರೆಗೆ 'ಎಎಂ4' ಎಂಬ 1331 ಸೂಜಿಗಳ ಒಂದೇ ಪೀಠವನ್ನು ಉಳಿಸಿಕೊಂಡು ಬಂದು, 2022ರಲ್ಲಿ 'ಎಎಂ5'ಕ್ಕೆ ಹಾರಿತು.

ಪೀಠವೊಂದೇ ಸಾಲದು

ಸಾಕೆಟ್ ಒಂದೇ ಎಂದ ಮಾತ್ರಕ್ಕೆ ಸಂಬಂಧ ಕುದುರಿತೆಂದು ತಿಳಿಯುವುದು ಎರಡನೆಯ ತಪ್ಪು. ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಎಲ್‌ಜಿಎ 775ರ ಆಯುಷ್ಯದಲ್ಲಿ ಪೆಂಟಿಯಮ್ 4ರಿಂದ ಕೋರ್ 2 ಕ್ವಾಡ್‌ವರೆಗೆ ಹಲವು ಪ್ರೊಸೆಸರ್‌ಗಳು ಬಂದುಹೋದವು. 2004ರ ಸುಮಾರಿನ ಬೋರ್ಡಿನ ಮೇಲೆ 2006ರ ಕೋರ್ 2 ಡ್ಯುಯೊವನ್ನು ಇಟ್ಟರೆ ಅಂದವಾಗಿ ಕೂರುತ್ತಿತ್ತು, ಸನ್ನೆಯೂ ಮುಚ್ಚಿಕೊಳ್ಳುತ್ತಿತ್ತು. ಆದರೆ ಬಹುಪಾಲು ಬೋರ್ಡುಗಳಲ್ಲಿ ಯಂತ್ರ ಎದ್ದೇಳುತ್ತಿರಲಿಲ್ಲ. ಆ ಬೋರ್ಡಿನ ಚಿಪ್‌ಸೆಟ್ ಮತ್ತು ವಿದ್ಯುತ್ ನಿಯಂತ್ರಕಗಳು ಹೊಸಬನ ಬೇಡಿಕೆಗೆ ಸಿದ್ಧವಾಗಿರಲಿಲ್ಲ.

ಮೊದಲನೆಯ ಮನೆಯ ಕಥೆ ಇದಕ್ಕಿಂತ ಖೇದಕರ. ಅವರ ಏಳನೆಯ ಪೀಳಿಗೆಯ ಪ್ರೊಸೆಸರ್ ಮತ್ತು ಬಿ250 ಬೋರ್ಡು ಪೇಟೆಗೆ ಬಂದದ್ದು 2017ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಟೆಲ್ ಎಂಟನೆಯ ಪೀಳಿಗೆಯನ್ನು ಹೊರತಂದಿತು. ಸಾಕೆಟ್ಟಿನ ಹೆಸರು ಅದೇ 1151, ಬಿಂದುಗಳ ಎಣಿಕೆಯೂ ಅಷ್ಟೇ. ಆದರೆ ಆ ಬಿಂದುಗಳಲ್ಲಿ ಕೆಲವನ್ನು ವಿದ್ಯುತ್ ಪೂರೈಕೆಗೆಂದು ಬೇರೆ ರೀತಿಯಲ್ಲಿ ಹಂಚಿದ್ದರು. 300 ಶ್ರೇಣಿಯ ಚಿಪ್‌ಸೆಟ್ ಇರುವ ಬೋರ್ಡುಗಳಲ್ಲಿ ಮಾತ್ರ ಅದು ನಡೆಯುವುದೆಂದು ಕಂಪನಿ ವಿಧಿಸಿತು. ಕೆಲವು ಸಾಹಸಿಗಳು ಬಯಾಸನ್ನು ತಿದ್ದಿ, ಸಂಪರ್ಕಬಿಂದುಗಳನ್ನು ಮುಚ್ಚಿ ಬೆಸೆದು, ಹಳೆಯ ಬೋರ್ಡುಗಳಲ್ಲಿ ಇದನ್ನು ನಡೆಸಿ ತೋರಿಸಿದ್ದುಂಟು. ಗೃಹಸ್ಥರು ಅನುಸರಿಸತಕ್ಕ ದಾರಿ ಅದಲ್ಲ. ಹೀಗಾಗಿ ಆ ಮನೆಯವರ ಬೋರ್ಡಿಗೆ ಏಳನೆಯ ಪೀಳಿಗೆಯೇ ಕೊನೆಯ ಮೆಟ್ಟಿಲು. ಅದರಲ್ಲಿನ ಹಿರಿಯ ಐ7ನ್ನೇ ತಂದರೂ ವೇಗ ಹೆಚ್ಚೀತೇ ಹೊರತು ವಿಂಡೋಸ್ 11ರ ಬಾಗಿಲು ತೆರೆಯದು.

ಬೀಜವೋ, ವೃಕ್ಷವೋ?

ಮೂರನೆಯ ಕೂಟ ಕಣ್ಣಿಗೆ ಕಾಣದ್ದು. ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ ಬಯಾಸ್ ಎಂಬ ಆರಂಭಿಕ ತಂತ್ರಾಂಶ ನೆಲೆಸಿದೆ. ಯಂತ್ರ ಹೊತ್ತಿಕೊಂಡೊಡನೆ ಪ್ರೊಸೆಸರ್‌ನ ಗುರುತು ಹಿಡಿದು ಬರಮಾಡಿಕೊಳ್ಳುವುದು ಅದರ ಕೆಲಸ. ಬಯಾಸ್ ಸಿದ್ಧವಾದ ಮೇಲೆ ಹುಟ್ಟಿದ ಪ್ರೊಸೆಸರ್ ಬಂದು ಕೂತರೆ, ಅದಕ್ಕೆ ಆಗಂತುಕನ ಪರಿಚಯವೇ ಇರುವುದಿಲ್ಲ.

ನಮ್ಮ ದೇಶದಲ್ಲಿ ಬಹಳವಾಗಿ ಮಾರಾಟವಾದ ಎಚ್61 ಬೋರ್ಡುಗಳು 2011ರವು. ಅವು ಎರಡನೆಯ ಪೀಳಿಗೆಯೊಡನೆ ಬಂದವು. 2012ರ ಮೂರನೆಯ ಪೀಳಿಗೆಯೂ ಹಲವು ಎಚ್61 ಬೋರ್ಡುಗಳಲ್ಲಿ ಬಯಾಸ್ ನವೀಕರಿಸಿದ ಮೇಲೆ ನಡೆಯುತ್ತದೆ. ಅದೇ ಕಾಲದ, ಅದೇ 1155 ಸಾಕೆಟ್ಟಿನ ಬಿ65, ಕ್ಯೂ65, ಕ್ಯೂ67 ಚಿಪ್‌ಸೆಟ್‌ಗಳಿಗೆ ಮಾತ್ರ ಇಂಟೆಲ್ ಆ ಅನುಮತಿ ಕೊಡಲಿಲ್ಲ. ಕಚೇರಿಗಳಿಂದ ಹೊರಬಿದ್ದ ಹಳೆಯ ಯಂತ್ರಗಳನ್ನು ಕೊಂಡವರು ಇದನ್ನು ನೆನಪಿಡುವುದು ಒಳ್ಳೆಯದು.

ಎರಡನೆಯ ಮನೆಯ ಭಾಗ್ಯ ತೆರೆದದ್ದು ಈ ಬಯಾಸ್‌ನಿಂದಲೇ, ಅದೂ ಸುಲಭವಾಗಿ ಅಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ ತನ್ನ ಮುಂಬರುವ ಪ್ರೊಸೆಸರ್‌ಗಳು 500 ಶ್ರೇಣಿಯ ಬೋರ್ಡುಗಳಿಗೆ ಮಾತ್ರವೆಂದು ಪ್ರಕಟಿಸಿತು. ಹಳೆಯ ಬೋರ್ಡುಗಳ ಬಯಾಸ್ ಚಿಪ್ಪುಗಳಲ್ಲಿ ಅನೇಕವು 16 ಮೆಗಾಬೈಟಿನವು, ಇಷ್ಟೊಂದು ಪ್ರೊಸೆಸರ್‌ಗಳ ವಿವರ ಅದರಲ್ಲಿ ಹಿಡಿಸದು ಎಂಬುದು ಕೊಟ್ಟ ಕಾರಣಗಳಲ್ಲೊಂದು. ಗಿರಾಕಿಗಳು ಜೋರಾಗಿ ಆಕ್ಷೇಪಿಸಿದರು. ಅದೇ ತಿಂಗಳು ಮುಗಿಯುವುದರೊಳಗೆ ಕಂಪನಿ ತನ್ನ ಮಾತನ್ನು ಸಡಿಲಿಸಿ 400 ಶ್ರೇಣಿಯ ಬೋರ್ಡುಗಳಿಗೂ ಅವಕಾಶವಿತ್ತಿತು. 2022ರಲ್ಲಿ 300 ಶ್ರೇಣಿಗೂ ಆ ಬಾಗಿಲು ತೆರೆಯಿತು. ಆದುದರಿಂದ ಎರಡನೆಯ ಮನೆಯವರು, ಬೋರ್ಡಿನ ತಯಾರಕರು ಹೊಸ ಬಯಾಸ್ ಒದಗಿಸಿದ್ದಲ್ಲಿ, ಅದೇ ಬಿ350 ಬೋರ್ಡು, ಅದೇ ರ್ಯಾಮ್ ಇಟ್ಟುಕೊಂಡು ರೈಝೆನ್ 5000 ಶ್ರೇಣಿಗೆ ಏರಬಹುದು. ಬಯಾಸ್‌ನಲ್ಲಿ ಟಿಪಿಎಂ ಸೌಲಭ್ಯವನ್ನು ಚಾಲನೆಗೊಳಿಸಿ ವಿಂಡೋಸ್ 11ನ್ನೂ ಹಾಕಿಕೊಳ್ಳಬಹುದು.

ಆದರೆ ಇಲ್ಲೊಂದು ತೊಡಕು. ಬಯಾಸ್ ನವೀಕರಿಸಬೇಕಾದರೆ ಯಂತ್ರ ನಡೆಯಬೇಕು. ಯಂತ್ರ ನಡೆಯಬೇಕಾದರೆ ಬಯಾಸ್ ಪ್ರೊಸೆಸರನ್ನು ಗುರುತಿಸಬೇಕು. ಸಾಕ್ಷಾತ್ ಬೀಜವೃಕ್ಷ ನ್ಯಾಯ! 2018ರಲ್ಲಿ ಎಎಂಡಿಯ ಹೊಸ ಪ್ರೊಸೆಸರ್ ಕೊಂಡ ಅನೇಕರು ಈ ಸುಳಿಗೆ ಸಿಕ್ಕಾಗ, ಬಯಾಸ್ ನವೀಕರಿಸಿಕೊಳ್ಳುವ ಸಲುವಾಗಿಯೇ ಆ ಕಂಪನಿಯು ಹಳೆಯ ಮಾದರಿಯ ಪ್ರೊಸೆಸರೊಂದನ್ನು ಕೈಗಡವಾಗಿ ಕಳುಹಿಸಿಕೊಡುವ ಏರ್ಪಾಡು ಮಾಡಿತ್ತು. ಕೆಲವು ಬೋರ್ಡುಗಳಲ್ಲಿ 'ಬಯಾಸ್ ಫ್ಲ್ಯಾಶ್‌ಬ್ಯಾಕ್' ಎಂಬ ಗುಂಡಿ ಇರುತ್ತದೆ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಹೊಸ ಬಯಾಸ್ ತುಂಬಲು ಅದು ನೆರವಾಗುತ್ತದೆ. ಈ ಗುಂಡಿ ಇಲ್ಲದವರಿಗೆ ಒಂದೇ ದಾರಿ: ಹಳೆಯ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ನವೀಕರಿಸಿ, ಅನಂತರ ಹೊಸದನ್ನು ಕೂರಿಸುವುದು.

ಅನ್ನ ಮತ್ತು ಉಷ್ಣ

ನಾಲ್ಕನೆಯದು ವಿದ್ಯುತ್ತಿನ ಲೆಕ್ಕ. ಪ್ರೊಸೆಸರ್‌ನ ವಿವರದಲ್ಲಿ 'ಟಿಡಿಪಿ' ಎಂದು ವಾಟ್‌ಗಳಲ್ಲಿ ಒಂದು ಅಂಕಿ ಇರುತ್ತದೆ. ಕೋರ್ ಐ3-2100ರದು 65 ವಾಟ್. ಅದೇ ಸಾಕೆಟ್ಟಿನ ಐ7-2600ರದು 95 ವಾಟ್. ಎಎಂಡಿಯ ಹಳೆಯ ಎಫ್‌ಎಕ್ಸ್ ಕುಟುಂಬದಲ್ಲಿ 125 ವಾಟ್‌ನ ಎಫ್‌ಎಕ್ಸ್-8350 ಇದ್ದಂತೆಯೇ 220 ವಾಟ್‌ನ ಎಫ್‌ಎಕ್ಸ್-9590 ಎಂಬ ಬಕಾಸುರನೂ ಇದ್ದಾನೆ. ಸಾಕೆಟ್ ಒಂದೇ ಆದರೂ ಅಗ್ಗದ ಬೋರ್ಡುಗಳು ಅವನ ಹಸಿವನ್ನು ತಣಿಸಲಾರವು. ಸಾಕೆಟ್ಟಿನ ಸುತ್ತಲಿರುವ ವಿದ್ಯುತ್ ನಿಯಂತ್ರಕಗಳು ಮಿತಿಮೀರಿ ಕಾದರೆ ಯಂತ್ರ ತಾನಾಗಿ ನಿಧಾನವಾಗುತ್ತದೆ, ನಡುನಡುವೆ ನಿಲ್ಲುತ್ತದೆ, ಕೊನೆಗೆ ಬೋರ್ಡೇ ಕೆಡಬಹುದು.

ತಂಪುಗೊಳಿಸುವ ಕೂಲರ್ ಕೂಡ ಇದೇ ಲೆಕ್ಕಕ್ಕೆ ಸೇರಿದ್ದು. 65 ವಾಟ್‌ಗೆಂದು ಬಂದ ಚಿಕ್ಕ ಕೂಲರನ್ನು 105 ವಾಟ್‌ನ ರೈಝೆನ್ 7 5800ಎಕ್ಸ್ ಮೇಲೆ ಕೂರಿಸುವುದು ಸೊಗಸಲ್ಲ. ಹಳೆಯ ಬೋರ್ಡುಳ್ಳವರು 65 ವಾಟ್‌ನ ರೈಝೆನ್ 5 5600ರಂಥ ಮಿತಾಹಾರಿಯನ್ನು ಆರಿಸಿಕೊಂಡರೆ ಕ್ಷೇಮ.

ಇನ್ನು ತೆರೆಯ ಮೇಲೆ ಚಿತ್ರ ಮೂಡಿಸುವವರು ಯಾರು ಎಂಬ ಪ್ರಶ್ನೆ. ರೈಝೆನ್ 5 5600ರೊಳಗೆ ಗ್ರಾಫಿಕ್ಸ್ ಭಾಗವಿಲ್ಲ, 5600ಜಿಯಲ್ಲಿ ಉಂಟು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ ಗ್ರಾಫಿಕ್ಸ್ ಇಲ್ಲವೆಂದರ್ಥ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದೆ ಬೋರ್ಡಿನಿಂದಲೇ ತೆರೆಗೆ ತಂತಿ ಎಳೆದಿರುವವರು ಇಂಥದನ್ನು ತಂದರೆ, ಎಲ್ಲ ಕೂಟವೂ ಸೇರಿದ್ದಾಗ್ಯೂ ತೆರೆ ಕಪ್ಪಾಗಿಯೇ ಇರುತ್ತದೆ. ರ್ಯಾಮ್ ವಿಷಯವೂ ಹೀಗೆಯೇ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳ ಕಚ್ಚು ಬೇರೆ, ವೋಲ್ಟೇಜು ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಬೋರ್ಡನ್ನೂ ಬದಲಿಸಬೇಕಾಗಿ ಬಂದರೆ ರ್ಯಾಮ್‌ಗೂ ದುಡ್ಡು ತೆಗೆದಿಡಬೇಕಾಗಬಹುದು.

ಉತ್ತರ ಬರೆದಿರುವ ಜಾಗ

ಇಷ್ಟೆಲ್ಲವನ್ನೂ ಸಾಮಾನ್ಯರು ತೂಗಿ ನೋಡುವುದು ಹೇಗೆ? ಅದೃಷ್ಟವಶಾತ್ ಬೋರ್ಡು ತಯಾರಿಸಿದವರೇ ಸಾಲಾವಳಿ ಹಾಕಿಟ್ಟಿರುತ್ತಾರೆ. ತಯಾರಕರ ಜಾಲತಾಣದಲ್ಲಿ ಬೋರ್ಡಿನ ಪೂರ್ಣ ಹೆಸರನ್ನು ಹುಡುಕಿ 'ಸಿಪಿಯು ಸಪೋರ್ಟ್' ಎಂಬ ವಿಭಾಗವನ್ನು ತೆರೆದರೆ, ಆ ಬೋರ್ಡು ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಸಿಗುತ್ತದೆ. ಪ್ರೊಸೆಸರ್‌ನ ಹೆಸರಿನ ಎದುರಿಗೆ ಸಾಮಾನ್ಯವಾಗಿ ಅದರ ವಾಟ್ ಇರುತ್ತದೆ. ಯಾವ ಬಯಾಸ್ ಆವೃತ್ತಿಯಿಂದ ಅದು ನಡೆಯುತ್ತದೆಂಬುದೂ ಇರುತ್ತದೆ. ಕೊಳ್ಳಬೇಕೆಂದಿರುವ ಹೆಸರು ಅಕ್ಷರ ತಪ್ಪದೆ ಆ ಪಟ್ಟಿಯಲ್ಲಿರಬೇಕು. ಅಂಗಡಿಯವರ 'ಆಗುತ್ತೆ ಸಾರ್' ಎಂಬ ಭರವಸೆ ಈ ಪಟ್ಟಿಗೆ ಸಮನಾಗದು.

ಹೆಸರಾಂತ ಕಂಪನಿಗಳು ಪೂರ್ತಿಯಾಗಿ ಜೋಡಿಸಿ ಮಾರಿದ ಯಂತ್ರಗಳಿಗೆ ಇಂಥ ಪಟ್ಟಿ ಅನೇಕ ವೇಳೆ ದೊರೆಯುವುದಿಲ್ಲ. ಅಂಥವರು ಅದೇ ಮಾದರಿಯ ಯಂತ್ರವನ್ನು ಯಾವ ಯಾವ ಪ್ರೊಸೆಸರ್‌ಗಳೊಡನೆ ಮಾರುತ್ತಿದ್ದರೆಂದು ಕೈಪಿಡಿಯಲ್ಲಿ ನೋಡಿ, ಆ ಎಲ್ಲೆಯೊಳಗೆ ಉಳಿಯುವುದು ಲೇಸು. ಲ್ಯಾಪ್‌ಟಾಪ್‌ಗಳ ಮಾತೇ ಬೇರೆ. ಈಚಿನ ವರ್ಷಗಳವುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುವುದರಿಂದ ಬದಲಾವಣೆಯ ಪ್ರಶ್ನೆಯೇ ಏಳುವುದಿಲ್ಲ.

ಪೇಟೆಯಲ್ಲಿ, ಮನೆಯಲ್ಲಿ ಎಚ್ಚರ

ಹಳೆಯ ಬೋರ್ಡಿಗೆ ಹೊಂದುವ ಪ್ರೊಸೆಸರ್‌ಗಳು ಹೆಚ್ಚಾಗಿ ಸಿಗುವುದು ಬಳಸಿದ ಸರಕಿನ ಅಂಗಡಿಗಳಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆ ಇದಕ್ಕೆ ಹೆಸರುವಾಸಿ. ಅಲ್ಲಿಗೆ ಹೋಗುವವರು ಬೋರ್ಡಿನ ಹೆಸರು, ಬಯಾಸ್ ಆವೃತ್ತಿ, ಬೇಕಾದ ಪ್ರೊಸೆಸರ್‌ನ ನಿಖರವಾದ ಸಂಖ್ಯೆ ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಎಎಂ4 ಪ್ರೊಸೆಸರ್ ಆದರೆ ಬೆನ್ನಿನ ಸೂಜಿಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ಬಾಗಿದ್ದರೂ ಸಾಲು ಡೊಂಕಾಗಿ ಕಾಣುತ್ತದೆ. ಇಂಟೆಲ್‌ನಲ್ಲಿ 2004ರಿಂದೀಚೆಗೆ ಸೂಜಿಗಳಿರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಬೋರ್ಡು ಕೊಳ್ಳುವವರು ಅಲ್ಲಿ ನೋಡಬೇಕು. ಕಚೇರಿ ಯಂತ್ರಗಳಿಂದ ತೆಗೆದ ಕೆಲವು 'ರೈಝೆನ್ ಪ್ರೊ' ಪ್ರೊಸೆಸರ್‌ಗಳು ಭದ್ರತೆಯ ಕಾರಣದಿಂದ ಒಂದೇ ಕಂಪನಿಯ ಬೋರ್ಡುಗಳಿಗೆ ಶಾಶ್ವತವಾಗಿ ಬಂಧಿಯಾಗಿರುವುದುಂಟು. ಬೇರೆ ಬೋರ್ಡಿನಲ್ಲಿ ಅವು ಉಸಿರೆತ್ತವು. ಆದುದರಿಂದ, ನಡೆಯದಿದ್ದರೆ ಹಿಂದಕ್ಕೆ ಕೊಳ್ಳುವ ಮಾತನ್ನು ರಸೀತಿಯಲ್ಲಿಯೇ ಬರೆಸಿಕೊಳ್ಳುವುದು ಜಾಣತನ.

ಮನೆಯಲ್ಲಿ ಮೊದಲು ಮಾಡತಕ್ಕದ್ದು ಕಡತಗಳ ಪ್ರತಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ಪುನಃಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಟಿಪಿಎಂ ಪ್ರೊಸೆಸರ್‌ನೊಳಗೇ ಇರುವ ಯಂತ್ರಗಳಲ್ಲಿ ಪ್ರೊಸೆಸರ್ ಬದಲಾದೊಡನೆ ಆ ಕೀಲಿಯನ್ನು ಕೇಳುವುದುಂಟು. ಅದಿಲ್ಲದಿದ್ದರೆ ಮಕ್ಕಳ ಭಾವಚಿತ್ರಗಳಿಂದ ಹಿಡಿದು ಅಂಗಡಿಯ ಲೆಕ್ಕದವರೆಗೆ ಎಲ್ಲವೂ ಬೀಗದೊಳಗೇ ಉಳಿದಾವು. ಬಳಿಕ ಬಯಾಸ್ ನವೀಕರಣ. ನಡುವೆ ಕರೆಂಟು ಹೋದರೆ ಬೋರ್ಡು ನಿರ್ಜೀವವಾಗಬಹುದಾದ್ದರಿಂದ ಯುಪಿಎಸ್ ಆಸರೆಯಿಲ್ಲದೆ ಇದಕ್ಕೆ ಕೈಹಾಕಬಾರದು. ಕೆಲವು ಬೋರ್ಡುಗಳಲ್ಲಿ ಹಳೆಯ ಆವೃತ್ತಿಯಿಂದ ಹೊಸದಕ್ಕೆ ನೇರವಾಗಿ ನೆಗೆಯಲಾಗದು, ನಡುವಣ ಆವೃತ್ತಿಯೊಂದನ್ನು ಹಾಕಿ ಮುಂದುವರಿಯಬೇಕು. ಕೆಲವು ಹೊಸ ಆವೃತ್ತಿಗಳು ಜಾಗ ಸಾಲದೆ ಹಳೆಯ ಪ್ರೊಸೆಸರ್‌ಗಳನ್ನೇ ಪಟ್ಟಿಯಿಂದ ಕೈಬಿಟ್ಟಿವೆ. ಆವೃತ್ತಿಯ ಜೊತೆ ಕೊಟ್ಟಿರುವ ಟಿಪ್ಪಣಿಯನ್ನು ಓದದೆ ಮುಂದುವರಿಯಬಾರದು.

ಹಳೆಯ ಎಎಂ4 ಪ್ರೊಸೆಸರ್ ತೆಗೆಯುವಾಗ ಇನ್ನೊಂದು ಅಪಾಯವುಂಟು. ಒಣಗಿದ ಪೇಸ್ಟು ಕೂಲರ್‌ಗೂ ಪ್ರೊಸೆಸರ್‌ಗೂ ಅಂಟಾಗಿ, ಕೂಲರ್ ಎಳೆದರೆ ಬೀಗ ಹಾಕಿದ ಸಾಕೆಟ್ಟಿನಿಂದ ಪ್ರೊಸೆಸರೂ ಕಿತ್ತುಬರುತ್ತದೆ, ಸೂಜಿಗಳು ಬಾಗುತ್ತವೆ. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟು ಬೆಚ್ಚಗಾದ ಮೇಲೆ, ವಿದ್ಯುತ್ ಸಂಪರ್ಕ ಕಡಿದು, ಕೂಲರನ್ನು ಮೆಲ್ಲನೆ ಆಚೀಚೆ ತಿರುವಿ ಬಿಡಿಸಿಕೊಳ್ಳಬೇಕು.

ಕಡೆಯದಾಗಿ ಒಂದು ವಿವೇಕದ ಮಾತು. ಯಂತ್ರ ನಿಧಾನವೆಂದಾಗಲೆಲ್ಲ ಪ್ರೊಸೆಸರೇ ಅಪರಾಧಿಯಲ್ಲ. ಹಳೆಯ ಹಾರ್ಡ್‌ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂದರೆ, ರ್ಯಾಮ್ ಇಮ್ಮಡಿಯಾದರೆ, ಅದೇ ಪ್ರೊಸೆಸರ್ ಹೊಸ ಹುರುಪಿನಿಂದ ದುಡಿಯುವುದುಂಟು. ಮೊದಲನೆಯ ಮನೆಯವರು ಹತಾಶರಾಗಬೇಕಿಲ್ಲ. ಹೆಸರು ನೋಂದಾಯಿಸಿದ ಗೃಹಬಳಕೆದಾರರಿಗೆ ವಿಂಡೋಸ್ 10ರ ಭದ್ರತಾ ತಿದ್ದುಪಡಿಗಳನ್ನು 2026ರ ಅಕ್ಟೋಬರ್‌ವರೆಗೆಂದು ಮೈಕ್ರೋಸಾಫ್ಟ್ ವಿಸ್ತರಿಸಿತು. ಅದಕ್ಕಿಂತ ಮುಂದಕ್ಕೂ ಯಂತ್ರವನ್ನು ದುಡಿಸಬೇಕೆಂದರೆ ಲಿನಕ್ಸ್ ಹಾಕಿಕೊಳ್ಳಬಹುದು. ಪ್ರೊಸೆಸರ್ ಜೊತೆಗೆ ಬೋರ್ಡು, ಬೋರ್ಡಿನ ಜೊತೆಗೆ ರ್ಯಾಮ್ ಎಂದು ಪಟ್ಟಿ ಬೆಳೆಯತೊಡಗಿದರೆ, ಅದು ಹಳೆಯ ಯಂತ್ರದ ದುರಸ್ತಿಯಲ್ಲ, ಕಂತುಕಂತಾಗಿ ಕೊಳ್ಳುವ ಹೊಸ ಯಂತ್ರವೆಂದು ತಿಳಿದು ಲೆಕ್ಕ ಹಾಕಬೇಕು. ಪಟ್ಟಿ ನೋಡುವುದಕ್ಕೆ ಹಿಡಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಪೇಟೆಗೆ ಹೊರಡುವ ಮೊದಲೇ ವ್ಯಯ ಮಾಡಿದವರಿಗೆ ನಷ್ಟದ ಭಯ ಬಹಳಮಟ್ಟಿಗೆ ಕಡಿಮೆ.